ಸೂರ್ಯನ ಹಿಂದೆ ಓಡದ ಕನ್ನಡಿ: ಎರಡು ಪಟ್ಟು ಬಿಸಿಲು ಸಾಕೇ?

ಸೂರ್ಯನನ್ನು ಹಿಂಬಾಲಿಸುತ್ತಾ ತಿರುಗುವ ಕನ್ನಡಿ ಡಿಶ್ ನೋಡಲು ಬಲು ಚೆಂದ, ಅದನ್ನು ತಿರುಗಿಸುವ ಯಂತ್ರ ಕೆಡುವ ತನಕ. ಕೆಟ್ಟ ಮೇಲೆ ಅದು ಜಾಗ ಹಿಡಿದು ನಿಂತ ಕಬ್ಬಿಣ, ಅಷ್ಟೇ.

ಡಿಶ್‌ಗಳು ಕೆಲಸ ಮಾಡುವುದಿಲ್ಲ ಅಂತಲ್ಲ. ತಿರುಮಲದಲ್ಲಿ 2002ರಲ್ಲಿ ಷೆಫ್ಲರ್ ಎಂಬ ಮಾದರಿಯ 106 ಕನ್ನಡಿ ಡಿಶ್ ಹಾಕಿ, ದಿನಕ್ಕೆ ಸುಮಾರು 15 ಸಾವಿರ ಜನರ ಅಡುಗೆಗೆ ಬೇಕಾದ ಹಬೆ ತೆಗೆಯುವ ವ್ಯವಸ್ಥೆ ಮಾಡಿದರು. ಶಿರಡಿಗೆ 2009ರಲ್ಲಿ 73 ಡಿಶ್ ಬಂದವು. ಅಂಥ ಕಡೆ ಕನ್ನಡಿ ಒರೆಸಲು, ಗ್ರೀಸ್ ಹಾಕಲು, ತಿಂಗಳು ಬದಲಾದಂತೆ ವಾಲು ಸರಿಪಡಿಸಲು ಜನ ಇರುತ್ತಾರೆ. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ನಾಲ್ಕಾರು ಬೇಸಿನ್ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುವವರಿಗೆ ಆ ಅನುಕೂಲ ಇಲ್ಲ. ಸಣ್ಣ ಹೋಟೆಲಿಗೂ ಇಲ್ಲ, ನೂಲಿಗೆ ಬಣ್ಣ ಹಾಕುವ ಘಟಕಕ್ಕೂ ಇಲ್ಲ. ಇವರಿಗೆಲ್ಲ ಬೇಕಾದ್ದು 90ರಿಂದ 150 ಡಿಗ್ರಿಯೊಳಗಿನ ಶಾಖ. ಸೌದೆ, ಗ್ಯಾಸು, ಡೀಸೆಲ್ ಖರ್ಚು ಇಳಿಯಬೇಕು. ಅದಕ್ಕಾಗಿ ದಿನಾ ಮಹಡಿ ಹತ್ತುವಂತಿರಬಾರದು.

ನಮ್ಮಲ್ಲಿ ಸೋಲಾರ್ ಅಂದ ಕೂಡಲೇ ಮಾತು ಕರೆಂಟಿನ ಕಡೆ ಹೋಗುತ್ತದೆ. ಆದರೆ ಕಾರ್ಖಾನೆ, ಘಟಕ, ಅಡುಗೆಮನೆಗಳಲ್ಲಿ ಸುಡುವ ಇಂಧನದ ದೊಡ್ಡ ಪಾಲು ಏನನ್ನಾದರೂ ಬಿಸಿ ಮಾಡಲಿಕ್ಕೇ ಹೋಗುತ್ತದೆ. ಮನೆಯ ಸೋಲಾರ್ ಗೀಸರ್ 60 ಡಿಗ್ರಿ ಆರಾಮಾಗಿ ಕೊಡುತ್ತದೆ. ದೊಡ್ಡ ಡಿಶ್ 200 ದಾಟುತ್ತದೆ. ನಡುವಿನ ಜಾಗ ಖಾಲಿ ಬಿದ್ದಿದೆ. ಅಲ್ಲಿಗೆ ಬೇಕಾದ್ದು ಕದಲದೆ ನಿಂತು, ಬಿಸಿಲನ್ನು ಒಂದಿಷ್ಟು ಒಟ್ಟುಗೂಡಿಸುವ ಸಾಧನ. ಅದನ್ನು ಅಗ್ಗವಾಗಿ ಮಾಡುವುದು ಹೇಗೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಿಸಿಲನ್ನು ಎರಡು ಪಟ್ಟು ಮಾಡಿದರೆ ಸಾಕು, ಉಳಿದ ದುಡ್ಡನ್ನೆಲ್ಲ ಶಾಖ ಸೋರದಂತೆ ತಡೆಯಲು ಹಾಕಬೇಕು. ಕನ್ನಡಿಯ ಮೇಲಿನ ಮೋಹವೇ ಇಂಥ ಯೋಜನೆಗಳನ್ನು ದುಬಾರಿ ಮಾಡುವುದು.

ಡಿಶ್ ಆಗಲಿ, ಉದ್ದನೆ ತೊಟ್ಟಿಯಂಥ ಪ್ಯಾರಬೋಲ ಕನ್ನಡಿ ಆಗಲಿ, ಸೂರ್ಯನ ಬಿಂಬವನ್ನು ಒಂದು ಚುಕ್ಕೆಗೋ ಗೆರೆಗೋ ತರುತ್ತದೆ. ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕನ್ನಡಿ ಸುಮ್ಮನೆ ನಿಂತರೆ ಕೆಲವೇ ನಿಮಿಷಗಳಲ್ಲಿ ಬಿಂಬ ಕೊಳವೆ ಬಿಟ್ಟು ಆಚೆ ಬೀಳುತ್ತದೆ. ಹಾಗಾದರೆ ಬಿಂಬವೇ ಯಾಕೆ ಬೇಕು? ನಮಗೆ ಬೇಕಾದ್ದು ಶಾಖ ತಾನೇ, ಚಿತ್ರವಲ್ಲವಲ್ಲ.

1966ರ ಆಸುಪಾಸಿನಲ್ಲಿ ಮೂರು ದೇಶಗಳಲ್ಲಿ ಬೇರೆಬೇರೆಯಾಗಿ ಇದೇ ದಾರಿ ಹಿಡಿದರು. ಅಮೆರಿಕದಲ್ಲಿ ರೋಲಂಡ್ ವಿನ್‌ಸ್ಟನ್ ಮತ್ತು ಹಿಂಟರ್‌ಬರ್ಗರ್, ಸೋವಿಯತ್ ಒಕ್ಕೂಟದಲ್ಲಿ ಬರಾನೋವ್, ಜರ್ಮನಿಯಲ್ಲಿ ಪ್ಲೋಕೆ. ವಿನ್‌ಸ್ಟನ್‌ಗೆ ಆಗ ಬಿಸಿಲಿನ ಯೋಚನೆಯೇ ಇರಲಿಲ್ಲ. ಕಣಗಳ ಪ್ರಯೋಗದಲ್ಲಿ ಹುಟ್ಟುವ ಚೆರೆಂಕೋವ್ ಎಂಬ ಮಸುಕು ಬೆಳಕನ್ನು ಒಂದೆಡೆ ಸೇರಿಸಬೇಕಿತ್ತು. ಅದೇ ಆಕಾರವನ್ನು ಅವರು ಬಿಸಿಲಿಗೆ ಅನ್ವಯಿಸಿ ಬರೆದದ್ದು 1974ರಲ್ಲಿ. ತೈಲ ಬಿಕ್ಕಟ್ಟು ಕಾವೇರಿದ್ದ ಕಾಲ ಅದು. ಆ ಸಾಧನದ ಪೂರ್ತಿ ಹೆಸರು ಕಾಂಪೌಂಡ್ ಪ್ಯಾರಬೋಲಿಕ್ ಕಾನ್ಸಂಟ್ರೇಟರ್. ಬಳಸುವವರ ಬಾಯಲ್ಲಿ ಬರೀ ಸಿಪಿಸಿ.

ಸಿಪಿಸಿ ಒಂದು ಆಲಿಕೆ ಇದ್ದ ಹಾಗೆ. ಎಣ್ಣೆ ಯಾವ ಅಂಚಿಗೆ ಬಿದ್ದರೂ ಕೆಳಗೆ ಜಾರಿ ಬರುವಂತೆ, ಬೆಳಕು ಒಂದು ಮಿತಿಯೊಳಗೆ ಯಾವ ಕೋನದಿಂದ ಬಂದರೂ ತಳಕ್ಕೆ ಸೇರುತ್ತದೆ. ಎದುರುಬದುರು ನಿಂತ ಎರಡು ಕನ್ನಡಿ ಗೋಡೆಗಳು. ಎರಡೂ ಪ್ಯಾರಬೋಲದ ತುಂಡುಗಳೇ. ಜಾಣತನ ಇರುವುದು ಇಲ್ಲಿ: ಎಡ ಗೋಡೆಯ ನಾಭಿ, ಅಂದರೆ ಅದು ಬೆಳಕನ್ನು ತಂದು ಸೇರಿಸುವ ಜಾಗ, ಬಲ ಗೋಡೆಯ ಬುಡದಲ್ಲಿದೆ, ಬಲದ್ದು ಎಡದ ಬುಡದಲ್ಲಿ. ಮಿತಿಯ ಕೋನದಲ್ಲಿ ಬಂದ ಕಿರಣ ತಳದ ಅಂಚಿಗೆ ಸರಿಯಾಗಿ ಮುಟ್ಟುತ್ತದೆ, ಅದಕ್ಕಿಂತ ನೇರವಾಗಿ ಬಂದದ್ದೆಲ್ಲ ಒಳಗೇ ಬೀಳುತ್ತದೆ.

ಇದಕ್ಕೊಂದು ಬೆಲೆ ತೆರಬೇಕು. ನಡುಗೆರೆಯಿಂದ (ಬಾಯಿ ನೆಟ್ಟಗೆ ನೋಡುವ ದಿಕ್ಕಿನಿಂದ) ಆಚೀಚೆ ಎಷ್ಟು ಡಿಗ್ರಿವರೆಗಿನ ಬೆಳಕು ಬೇಕೋ, ಆ ಕೋನದ ಸೈನ್ ತೆಗೆದು 1ನ್ನು ಅದರಿಂದ ಭಾಗಿಸಿ. ಬಿಸಿಲನ್ನು ಹೆಚ್ಚೆಂದರೆ ಅಷ್ಟು ಪಟ್ಟು ಮಾಡಬಹುದು. ಆಚೀಚೆ 30 ಡಿಗ್ರಿ ಬೇಕೆಂದರೆ 2 ಪಟ್ಟು. 35 ಬೇಕೆಂದರೆ 1.74. 20 ಡಿಗ್ರಿಗೆ ಒಪ್ಪಿಕೊಂಡರೆ 2.9. ಇದು ಮಾಡುವವರ ಕೈಚಳಕದ ಮಿತಿಯಲ್ಲ, ಬೆಳಕಿನ ನಿಯಮವೇ ಹಾಕಿದ ಗೆರೆ. ಕದಲದ ತೊಟ್ಟಿ ಕನ್ನಡಿಯಲ್ಲಿ ವರ್ಷವಿಡೀ ದಿನಪೂರ್ತಿ ಹತ್ತು ಪಟ್ಟು ಬಿಸಿಲು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಚೆಕ್ ಬರೆಯುವ ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ.

ನಮ್ಮ ಊರಿಗೆ ಎಷ್ಟು ಡಿಗ್ರಿ ಬೇಕು? ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಯ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸುಮಾರು 10 ಡಿಗ್ರಿ ಇರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ 36 ಡಿಗ್ರಿ ವಾಲಿರುತ್ತಾನೆ. ತೊಟ್ಟಿಯನ್ನು ಪೂರ್ವ–ಪಶ್ಚಿಮ ಮಲಗಿಸಿ, ದಕ್ಷಿಣಕ್ಕೆ 13 ಡಿಗ್ರಿ ವಾಲಿಸಿದರೆ ಮಧ್ಯಾಹ್ನದ ಸೂರ್ಯ ವರ್ಷವಿಡೀ ನಡುಗೆರೆಯಿಂದ ಆಚೀಚೆ 23.5 ಡಿಗ್ರಿಯೊಳಗೇ ಇರುತ್ತಾನೆ. ಹಾಗಿದ್ದರೆ ಅಷ್ಟೇ ಕೋನ ಸಾಕಲ್ವಾ? ಸಾಲದು. ಮಾರ್ಚ್ ಮತ್ತು ಸೆಪ್ಟೆಂಬರ್‌ನ ಹಗಲು–ರಾತ್ರಿ ಸಮವಾಗುವ ದಿನಗಳಲ್ಲಿ ಸೂರ್ಯ ತೊಟ್ಟಿಯ ಉದ್ದಕ್ಕೇ ಸಾಗುತ್ತಾನೆ, ತೊಂದರೆ ಇಲ್ಲ. ಜೂನ್, ಡಿಸೆಂಬರ್‌ಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಅಡ್ಡ ಸರಿಯುತ್ತಾನೆ. ಲೆಕ್ಕ ಹಾಕಿದರೆ, ಮಧ್ಯಾಹ್ನಕ್ಕಿಂತ ಮೂರು ಗಂಟೆ ಮೊದಲು ಅಥವಾ ನಂತರ ಆ ಕೋನ 31.5 ಡಿಗ್ರಿ ಆಗಿರುತ್ತದೆ. ಅಂದರೆ 30 ಡಿಗ್ರಿಯ ಸಿಪಿಸಿ ವರ್ಷದ ಅತಿ ಕೆಟ್ಟ ದಿನದಲ್ಲೂ ಐದೂವರೆ ಗಂಟೆ ಕೆಲಸ ಮಾಡುತ್ತದೆ, 35 ಡಿಗ್ರಿಯದು ಹತ್ತಿರಹತ್ತಿರ ಏಳು ಗಂಟೆ. ಉಳಿದ ತಿಂಗಳುಗಳಲ್ಲಿ ಇನ್ನೂ ಜಾಸ್ತಿ. ಒಂದು ಮೋಟಾರೂ ಇಲ್ಲದೆ!

ಇನ್ನೊಂದು ಲಾಭವೂ ಇದೆ. ಮೋಡ ಕವಿದಾಗ ಬೆಳಕು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಡಿಶ್‌ಗೆ ಅದು ಬಹುತೇಕ ವ್ಯರ್ಥ. ಸಿಪಿಸಿ ಎಷ್ಟು ಪಟ್ಟು ಮಾಡುತ್ತದೋ ಆ ಬೆಳಕಿನಲ್ಲಿ ಅಷ್ಟನೇ ಒಂದು ಪಾಲು ಹಿಡಿಯುತ್ತದೆ. ಎರಡು ಪಟ್ಟಿನದಾದರೆ ಅರ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರೆಮೋಡದ ಆಕಾಶವೇ ಇರುವ ನಮ್ಮ ದಕ್ಷಿಣ ಒಳನಾಡಿಗೆ ಇದು ಸಣ್ಣ ವಿಷಯವಲ್ಲ.

ಈಗ ಖರ್ಚಿನ ಕಡೆ ಬರೋಣ. ಸಿಪಿಸಿಯ ದೊಡ್ಡ ಕೊರತೆ ಅದರ ಎತ್ತರ. ತಳದಲ್ಲಿ 10 ಸೆಂ.ಮೀ. ಅಗಲದ ಕಪ್ಪು ಪಟ್ಟಿ ಇದೆ ಅಂದುಕೊಳ್ಳಿ. 30 ಡಿಗ್ರಿಗೆ ಪೂರ್ತಿ ಆಕಾರ ಕಟ್ಟಿದರೆ ಬಾಯಿ 20 ಸೆಂ.ಮೀ., ಎತ್ತರ 26 ಸೆಂ.ಮೀ. ಒಂದು ಚದರ ಮೀಟರ್ ಬಾಯಿಗೆ ಸುಮಾರು 2.7 ಚದರ ಮೀಟರ್ ಕನ್ನಡಿ ತಗಡು ಬೇಕು. ದುಬಾರಿ. ಆದರೆ ಗೋಡೆಯ ಮೇಲಿನ ಭಾಗ ಹೆಚ್ಚುಕಡಿಮೆ ನೆಟ್ಟಗೇ ನಿಂತಿರುತ್ತದೆ, ಹೊಸದಾಗಿ ಏನೂ ಬಿಸಿಲು ಹಿಡಿಯುವುದಿಲ್ಲ. ಅದನ್ನು ಅರ್ಧಕ್ಕೆ ಕತ್ತರಿಸಿ ಬಿಸಾಡಿ. ಎತ್ತರ 13 ಸೆಂ.ಮೀ.ಗೆ ಇಳಿಯಿತು, ಬಾಯಿ 18 ಸೆಂ.ಮೀ. ಉಳಿಯಿತು. ಎರಡು ಪಟ್ಟು ಇದ್ದದ್ದು 1.8 ಪಟ್ಟು ಆಯಿತು. ಕನ್ನಡಿ ಮಾತ್ರ ಚದರ ಮೀಟರಿಗೆ 1.5ಕ್ಕೆ ಬಂತು. ಇಡೀ ವಿನ್ಯಾಸದಲ್ಲಿ ಇದಕ್ಕಿಂತ ಸಲೀಸಾದ ಉಳಿತಾಯ ಇನ್ನೊಂದಿಲ್ಲ. ಅಂಚಿನ ಕೋನದಾಚೆಯ ಒಂದಿಷ್ಟು ಬೆಳಕೂ ಈಗ ಒಳಗೆ ಬರುತ್ತದೆ, ಅದು ಕೊಸರು.

ಕನ್ನಡಿ ಎಷ್ಟು ಒಳ್ಳೆಯದಿರಬೇಕು? ಬಿಸಿಲಿನ ಒಂದು ಪಾಲು ಕನ್ನಡಿ ಮುಟ್ಟದೆ ನೇರವಾಗಿ ತಳಕ್ಕೆ ಬೀಳುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಒಂದು ಸಲ ಪುಟಿಯುತ್ತದೆ. ಸರಾಸರಿ ತೆಗೆದರೆ ಒಂದಕ್ಕಿಂತ ಕಡಿಮೆ. ಹಾಗಾಗಿ 93% ಪ್ರತಿಫಲಿಸುವ ಬೆಳ್ಳಿ ಲೇಪದ ಗಾಜಿನ ಬದಲು 85% ಕೊಡುವ ಹೊಳಪು ಅಲ್ಯೂಮಿನಿಯಂ ಹಾಳೆ ಹಾಕಿದರೆ ಕಳೆದುಕೊಳ್ಳುವುದು ನೂರಕ್ಕೆ ಐದಾರು ಪಾಲು. ಹೊರಗಡೆ ಬಳಸಲೆಂದೇ ಆನೊಡೈಸ್ ಮಾಡಿದ ಹಾಳೆ ತಗೊಳ್ಳಿ. ಅಡುಗೆಮನೆಯ ಫಾಯಿಲ್ ಮೊದಲ ವಾರ ಚೆನ್ನಾಗಿ ಹೊಳೆಯುತ್ತದೆ, ಮೊದಲ ಮಳೆಗಾಲ ದಾಟುವುದಿಲ್ಲ. ಸ್ಟೀಲ್ ಗಟ್ಟಿ, ಆದರೆ ಮೂರನೇ ಒಂದು ಪಾಲಿನಷ್ಟು ಬೆಳಕನ್ನು ತಾನೇ ನುಂಗುತ್ತದೆ. ಆಕಾರದಲ್ಲೂ ಅತಿ ನಾಜೂಕು ಬೇಕಿಲ್ಲ. 30 ಡಿಗ್ರಿ ಅಗಲ ಬಾಯಿ ತೆರೆದು ಕೂತ ಸಾಧನಕ್ಕೆ ಒಂದೆರಡು ಡಿಗ್ರಿ ತಪ್ಪು ಲೆಕ್ಕಕ್ಕೇ ಇಲ್ಲ. ಪ್ಲೈವುಡ್‌ನಲ್ಲಿ ಆಕಾರ ಕೊರೆದು, ಹಾಳೆಯನ್ನು ಅದರ ಮೇಲೆ ಬಗ್ಗಿಸಿ ಸ್ಕ್ರೂ ಹಾಕಬಹುದು. ಫ್ಯಾಬ್ರಿಕೇಶನ್ ಅಂಗಡಿಯವರು ಮಾಡಿಕೊಡುವಂಥದ್ದೇ.

ದುಡ್ಡು ಹಾಕಬೇಕಾದ ಜಾಗ ತಳದಲ್ಲಿರುವ ಆ ಕಪ್ಪು ಪಟ್ಟಿ. 150 ಡಿಗ್ರಿಗೆ ಕಾದ, ಮಾಮೂಲಿ ಕಪ್ಪು ಬಣ್ಣ ಬಳಿದ ತಗಡು ಪ್ರತಿ ಚದರ ಮೀಟರಿನಿಂದ ಸುಮಾರು 1,800 ವ್ಯಾಟ್ ಶಾಖವನ್ನು ಸುಮ್ನೆ ಹೊರಕ್ಕೆ ಚೆಲ್ಲುತ್ತದೆ. ಸುತ್ತಲಿಂದ ವಾಪಸ್ ಬರುವುದನ್ನು ಕಳೆದರೂ 1,300ರ ಮೇಲೆ. ನಡುಮಧ್ಯಾಹ್ನದ ಬಿಸಿಲೇ ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಅಂದರೆ ಬಿಸಿಲನ್ನು ಎರಡು ಪಟ್ಟು ಮಾಡಿ ಕಪ್ಪು ಪೇಂಟಿನ ಮೇಲೆ ಸುರಿದರೆ, ಕನ್ನಡಿಯ ನಷ್ಟ ಮತ್ತು ಗಾಳಿಗೆ ಹೋಗುವ ಶಾಖ ಸೇರಿ, ಕೊನೆಗೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಬಿಸಿಲನ್ನು ಹೀರುವ, ಆದರೆ ತನ್ನ ಶಾಖವನ್ನು ಹೊರಬಿಡದ ಲೇಪ ಇದೆ. ಅದನ್ನು ಬಳಸಿದರೆ ಅದೇ 1,300 ವ್ಯಾಟ್ ಸೋರಿಕೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಕನ್ನಡಿಯನ್ನು ಎಷ್ಟು ತಿಕ್ಕಿದರೂ ಇಷ್ಟು ಗಳಿಕೆ ಸಿಗುವುದಿಲ್ಲ.

ಸಂತೋಷದ ಸಂಗತಿ ಅಂದರೆ ಆ ಲೇಪವನ್ನೂ ಅದರ ಸುತ್ತ ನಿರ್ವಾತವನ್ನೂ ಈಗಾಗಲೇ ಅಗ್ಗಕ್ಕೆ ಮಾರುತ್ತಿದ್ದಾರೆ. ಮನೆಗಳ ಮೇಲೆ ಕಾಣುವ ಟ್ಯೂಬ್ ಸೋಲಾರ್‌ನ ಗಾಜಿನ ಕೊಳವೆಗಳೇ ಅವು. ಹೊರಗಿನ ಗಾಜು 58 ಮಿ.ಮೀ., ಒಳಗಿನದು 47 ಮಿ.ಮೀ., ಉದ್ದ 1.8 ಮೀಟರ್, ಎರಡರ ನಡುವೆ ನಿರ್ವಾತ. ಲಕ್ಷಗಟ್ಟಲೆ ತಯಾರಾಗುವ ಮಾಲು, ಅದಕ್ಕೇ ಅಗ್ಗ. ತುದಿಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಬೇರಿಯಂ ಲೇಪ ಇರುತ್ತದೆ. ಅದು ಸುಣ್ಣದಂತೆ ಬಿಳಿಯಾದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ಟ್ಯೂಬ್ ಬದಲಿಸಬೇಕು. ಇಷ್ಟು ಸುಲಭವಾಗಿ ಪರೀಕ್ಷೆ ಮಾಡಬಹುದಾದ ಬಿಡಿಭಾಗ ಬೇರೆ ಯಾವ ಯಂತ್ರದಲ್ಲಿದೆ?

ದುಂಡು ಟ್ಯೂಬಿಗೆ ಸಿಪಿಸಿಯ ಬುಡದ ಆಕಾರ ಸ್ವಲ್ಪ ಬೇರೆ. ಟ್ಯೂಬಿನ ಕೆಳಗೆ ಕನ್ನಡಿ ಎರಡು ಕಡೆಯಿಂದ ಬಾಗಿ ಬಂದು ಮಧ್ಯದಲ್ಲಿ ಒಂದು ಏಣಿನಂತೆ ಎದ್ದು ನಿಲ್ಲುತ್ತದೆ, ಹಾಗಾಗಿ ಟ್ಯೂಬಿನ ಬೆನ್ನಿಗೂ ಬಿಸಿಲು ತಾಗುತ್ತದೆ. ಲೇಪ ಇರುವುದು ಒಳಗಾಜಿನ ಮೇಲೆ. ಕನ್ನಡಿ ಎಷ್ಟೇ ಹತ್ತಿರ ತಂದರೂ 5.5 ಮಿ.ಮೀ. ಸಂದು ಉಳಿದೇ ಉಳಿಯುತ್ತದೆ, ಅದರಲ್ಲಿ ಒಂದಿಷ್ಟು ಬೆಳಕು ನುಸುಳಿ ಹೋಗುತ್ತದೆ. ಹೋಗಲಿ ಬಿಡಿ. ಅದಕ್ಕಿಂತ ಮುಖ್ಯವಾದದ್ದು, ಮನೆಯ ಗೀಸರ್‌ನಂತೆ ಟ್ಯೂಬಿನೊಳಗೆ ನೇರವಾಗಿ ನೀರು ತುಂಬುವುದು ಇಲ್ಲಿ ನಡೆಯುವುದಿಲ್ಲ. ಅಲ್ಲಿ ಟ್ಯೂಬ್ ಇಳಿಜಾರಾಗಿ ನಿಂತಿದೆ, ಬಿಸಿ ನೀರು ತಾನೇ ಮೇಲೇರುತ್ತದೆ. ಇಲ್ಲಿ ಅಡ್ಡ ಮಲಗಿದೆ. ಅದಕ್ಕೆ ಒಳಗೆ ಯು ಆಕಾರದ ತಾಮ್ರದ ಕೊಳವೆ, ಗಾಜಿಗೆ ಒತ್ತಿಕೊಳ್ಳುವ ಅಲ್ಯೂಮಿನಿಯಂ ರೆಕ್ಕೆ, ಒಂದು ಸಣ್ಣ ಪಂಪು ಬೇಕು. ಬೋರ್‌ವೆಲ್‌ನ ಗಡಸು ನೀರನ್ನು ಆ ತಾಮ್ರಕ್ಕೆ ಬಿಟ್ಟರೆ ಸುಣ್ಣ ಕಟ್ಟಿ ಮುಗಿಯಿತು. ಒಳಸುತ್ತಿನಲ್ಲಿ ಶುದ್ಧ ನೀರು ಅಥವಾ ಶಾಖದ ಎಣ್ಣೆ ಸುತ್ತಬೇಕು, ಬಳಕೆಯ ನೀರು ಬೇರೆ ಪಾತ್ರೆಯಲ್ಲಿ ಕಾಯಬೇಕು.

ಇಂಥದ್ದು ಬರೀ ಕಾಗದದ ಲೆಕ್ಕವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರ್ಸೆಡ್ ಕ್ಯಾಂಪಸ್‌ನಲ್ಲಿ ವಿನ್‌ಸ್ಟನ್ ತಂಡ ನಿರ್ವಾತ ಟ್ಯೂಬಿನ ಹೊರಗೆ ಸಿಪಿಸಿ ಕನ್ನಡಿ ಇಟ್ಟು ಪರೀಕ್ಷೆ ಮಾಡಿತು. ಪೂರ್ವ–ಪಶ್ಚಿಮ ಮಾದರಿಯಲ್ಲಿ 34 ಡಿಗ್ರಿ, 1.8 ಪಟ್ಟು. 200 ಡಿಗ್ರಿ ಶಾಖದಲ್ಲೂ ಬಿದ್ದ ಬಿಸಿಲಿನ ಸುಮಾರು ಐದರಲ್ಲಿ ಎರಡು ಪಾಲು ದಕ್ಕಿತು. ನಮ್ಮ ಕೆಲಸಕ್ಕೆ ಅಷ್ಟು ಬಿಸಿಯೂ ಬೇಡ.

ವರ್ಷಕ್ಕೆ ಎರಡು ಸಲ ಕೈ ಹಾಕಲು ಒಪ್ಪುವವರಿಗೆ ಇನ್ನೊಂದು ದಾರಿ ಇದೆ. ಮಾರ್ಚ್ 21ರ ಹೊತ್ತಿಗೆ ತೊಟ್ಟಿಯನ್ನು ಉತ್ತರಕ್ಕೆ ಸುಮಾರು 5 ಡಿಗ್ರಿ, ಸೆಪ್ಟೆಂಬರ್ 23ರ ಹೊತ್ತಿಗೆ ದಕ್ಷಿಣಕ್ಕೆ 30 ಡಿಗ್ರಿ ವಾಲಿಸಿದರೆ ಆಚೀಚೆ 20 ಡಿಗ್ರಿಯೇ ಸಾಕಾಗುತ್ತದೆ, ಬಿಸಿಲು ಸುಮಾರು ಮೂರು ಪಟ್ಟು ಆಗುತ್ತದೆ. ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ. ಆದರೆ ಅದೇ 10 ಸೆಂ.ಮೀ. ಪಟ್ಟಿಗೆ ಪೂರ್ತಿ ಕನ್ನಡಿಯ ಎತ್ತರ 54 ಸೆಂ.ಮೀ. ಆಗುತ್ತದೆ. ಕತ್ತರಿಸಿದರೂ ಗಾಳಿಗೆ ಒಡ್ಡಿದ ದೊಡ್ಡ ತಗಡೇ. ಅದರ ಜೊತೆಗೆ ಸ್ಟ್ಯಾಂಡು, ಕೀಲು, ಬಾಗುವ ಪೈಪು. ನಿರ್ವಾತ ಟ್ಯೂಬ್ ಇದ್ದಾಗ 120 ಡಿಗ್ರಿಗೆ ಮೂರು ಪಟ್ಟು ಬೇಕಾಗಿಯೇ ಇಲ್ಲ. ನಾನಾದರೆ ಈ ದಾರಿ ಬಿಡುತ್ತೇನೆ.

ಲಾಭದ ಲೆಕ್ಕ ಹೀಗೆ ಮಾಡಬಹುದು. ನಮ್ಮಲ್ಲಿ ಒಳ್ಳೆ ದಿನ ಚದರ ಮೀಟರಿಗೆ ಐದೂವರೆ ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. 10 ಚದರ ಮೀಟರ್ ಸಿಪಿಸಿ, ಪೈಪಿನ ನಷ್ಟ ಎಲ್ಲ ಸೇರಿ ನೂರಕ್ಕೆ 40 ದಕ್ಕಿಸಿಕೊಂಡರೂ ದಿನಕ್ಕೆ 22 ಯೂನಿಟ್ ಶಾಖ. 19 ಕೆ.ಜಿ.ಯ ಹೋಟೆಲ್ ಸಿಲಿಂಡರ್‌ನಲ್ಲಿ ಸುಮಾರು 240 ಯೂನಿಟ್ ಶಾಖ ಇದೆ, ಒಲೆಯ ಪಕ್ಕದಲ್ಲಿ ಪೋಲಾಗುವುದು ಕಳೆದು ಪಾತ್ರೆಗೆ ಸೇರುವುದು 150 ಅಂದುಕೊಳ್ಳೋಣ. ಬಿಸಿಲಿನ ದಿನಗಳಲ್ಲಿ ವಾರಕ್ಕೊಂದು ಸಿಲಿಂಡರ್ ಉಳಿಯಿತು, ವರ್ಷಕ್ಕೆ 35ರಿಂದ 40. ಇವತ್ತಿನ ಸಿಲಿಂಡರ್ ದರದಿಂದ ಅದನ್ನು ಗುಣಿಸಿ, ಮೂರು ವರ್ಷಕ್ಕೆ ಎಷ್ಟಾಗುತ್ತದೆ ನೋಡಿ. ಆ 10 ಚದರ ಮೀಟರ್‌ಗೆ ಅದಕ್ಕಿಂತ ಜಾಸ್ತಿ ಕೇಳಿದರೆ ಬೇಡ ಅನ್ನಿ. ಸೌದೆ ಸುಡುವವರ ಲೆಕ್ಕ ಇದಕ್ಕಿಂತ ಕಷ್ಟ, ಯಾಕೆಂದರೆ ಸೌದೆ ಇನ್ನೂ ಅಗ್ಗ. ಹೊಗೆ ಕುಡಿಯುವವರ ಶ್ವಾಸಕೋಶಕ್ಕೆ ಯಾರೂ ಬಿಲ್ ಬರೆಯುವುದಿಲ್ಲವಲ್ಲ.

ಸಿಪಿಸಿ ಪರ ಮಾತಾಡುವವರು ಹೆಚ್ಚಾಗಿ ಹಾರಿಸಿಬಿಡುವ ಪ್ರಶ್ನೆ ಒಂದಿದೆ. ಅದೇ ಜಾಗದಲ್ಲಿ ಕರೆಂಟಿನ ಸೋಲಾರ್ ಪ್ಯಾನೆಲ್ ಹಾಕಿದರೆ? ಇವತ್ತಿನ ಪ್ಯಾನೆಲ್ ಬಿಸಿಲಿನ ಸುಮಾರು 21% ಕರೆಂಟ್ ಮಾಡುತ್ತದೆ. ಆ ಕರೆಂಟಿನಲ್ಲಿ ಹೀಟ್ ಪಂಪ್ ಓಡಿಸಿದರೆ 60 ಡಿಗ್ರಿ ನೀರಿಗೆ ಅದು ಸುತ್ತಲಿನ ಗಾಳಿಯ ಶಾಖವನ್ನೂ ಎಳೆದು ತರುವುದರಿಂದ ಒಂದಕ್ಕೆ ಮೂರು ಪಾಲು ಶಾಖ ಸಿಗುತ್ತದೆ. ಒಟ್ಟು 60%ರ ಆಸುಪಾಸು. ಅಲ್ಲಿ ಸಿಪಿಸಿಗೆ ಕೆಲಸವಿಲ್ಲ, ಚಪ್ಪಟೆ ಪೆಟ್ಟಿಗೆಯ ಸಾದಾ ಫ್ಲ್ಯಾಟ್ ಪ್ಲೇಟ್ ಗೀಸರೇ ಅದಕ್ಕೆ ಸಾಟಿ. ಮೇಲಾಗಿ ಕೆಲಸವಿಲ್ಲದ ದಿನ ಕರೆಂಟನ್ನು ಗ್ರಿಡ್‌ಗೆ ಕೊಡಬಹುದು, ಬಿಸಿ ನೀರನ್ನು ಯಾರಿಗೆ ಮಾರುತ್ತೀರಿ? ಆದರೆ 120, 150 ಡಿಗ್ರಿ ಬೇಕು ಅಂದಾಗ ಚಿತ್ರ ತಿರುಗುತ್ತದೆ. ಅಷ್ಟು ಬಿಸಿ ಮಾಡುವ ಹೀಟ್ ಪಂಪ್ ಸಣ್ಣ ಘಟಕದವರ ಕೈಗೆ ಎಟುಕುವುದಿಲ್ಲ, ನೇರ ಹೀಟರ್ ಕಾಯಿಲ್ ಹಾಕಿದರೆ ಆ 21% ಮಾತ್ರ. ನಿರ್ವಾತ ಟ್ಯೂಬಿನ ಸಿಪಿಸಿ ಅದೇ ಮಹಡಿಯಿಂದ ಎರಡು ಪಟ್ಟು ಶಾಖ ತೆಗೆಯುತ್ತದೆ. ಫ್ಲ್ಯಾಟ್ ಪ್ಲೇಟ್ ಆ ಹೊತ್ತಿಗೆ ಬಿಸಿಲು ಹಿಡಿದಷ್ಟನ್ನೂ ಸೋರಿಸಿ ಕೂತಿರುತ್ತದೆ. ಅಂದರೆ ಸಿಪಿಸಿಯ ರಾಜ್ಯ ಸಣ್ಣದು: 90ರಿಂದ 180 ಡಿಗ್ರಿ, ಮಹಡಿ ಜಾಗ ಕಡಿಮೆ, ಕೆಲಸ ವಾರದ ಬಹುತೇಕ ದಿನ ಹಗಲಲ್ಲೇ ನಡೆಯಬೇಕು.

ರೇಷ್ಮೆ ಘಟಕ ಆ ರಾಜ್ಯದ ಗಡಿಯಲ್ಲೇ ಬರುತ್ತದೆ. ಗೂಡು ಬೇಯಿಸಲು ಕುದಿಯುವ ಹಂತದ ನೀರು ಬೇಕು, ನೂಲು ತೆಗೆಯುವ ಬೇಸಿನ್‌ಗೆ ಅಷ್ಟು ಬಿಸಿ ಬೇಡ. ಇಲ್ಲಿ ಹಬೆ ಮಾಡಲು ಹೋಗುವುದು ದುರಾಸೆ ಅನ್ನಿಸುತ್ತದೆ. ಒಂದು ಲೀಟರ್ ನೀರನ್ನು 25ರಿಂದ 95 ಡಿಗ್ರಿಗೆ ಏರಿಸಲು ಸುಮಾರು 293 ಕಿಲೋಜೂಲ್ ಸಾಕು. ಅದನ್ನು ಹಬೆಯಾಗಿಸಲು ಮತ್ತೆ 2,257 ಬೇಕು. ಜೊತೆಗೆ ಕಾನೂನೂ ಇದೆ. ಪಾತ್ರೆ 25 ಲೀಟರ್ ದಾಟಿ, ಒತ್ತಡ ಚದರ ಸೆಂ.ಮೀ.ಗೆ 1 ಕೆ.ಜಿ. ದಾಟಿ, ನೀರು 100 ಡಿಗ್ರಿ ದಾಟಿದರೆ ಅದು ಬಾಯ್ಲರ್ ಲೆಕ್ಕಕ್ಕೆ ಬರುತ್ತದೆ, ನೋಂದಣಿ, ತಪಾಸಣೆ ಎಲ್ಲ ಶುರು. ಸಿಪಿಸಿಯಿಂದ 95 ಡಿಗ್ರಿ ನೀರು ತಯಾರಿಸಿ ಟ್ಯಾಂಕಿನಲ್ಲಿ ತುಂಬಿಟ್ಟು, ಕೊನೆಯ ಒಂದೆರಡು ಡಿಗ್ರಿಗೆ ಹಳೆ ಒಲೆಯನ್ನೇ ಉಳಿಸಿಕೊಂಡರೆ ಮಳೆಗಾಲದ ಚಿಂತೆಯೂ ತಪ್ಪುತ್ತದೆ. ಒಲೆ ಕಿತ್ತುಹಾಕಿ ಸೋಲಾರ್ ಒಂದನ್ನೇ ನಂಬಿ ಅಂತ ಹೇಳುವ ಯೋಜನೆಯನ್ನು ನಾನು ನಂಬುವುದಿಲ್ಲ.

ಕೊನೆಗೆ, ಯಾರೂ ಬ್ರೋಷರ್‌ನಲ್ಲಿ ಬರೆಯದ ಒಂದು ತೊಂದರೆ. ಡಿಶ್ ಬೇಡವಾದಾಗ ಸೂರ್ಯನಿಂದ ಬೇರೆ ಕಡೆ ತಿರುಗಿಸಬಹುದು. ಕದಲದ ಸಾಧನಕ್ಕೆ ಸ್ವಿಚ್ ಇಲ್ಲ. ಭಾನುವಾರ ಪಂಪು ನಿಂತಿರಲಿ, ಕರೆಂಟ್ ಹೋಗಿರಲಿ, ಬಿಸಿಲು ಬೀಳುತ್ತಲೇ ಇರುತ್ತದೆ, ಖಾಲಿ ಟ್ಯೂಬ್ 200 ಡಿಗ್ರಿ ದಾಟಿ ಕಾಯುತ್ತದೆ. ಆಗ ಯಾರಾದರೂ ಗಾಬರಿಯಲ್ಲಿ ತಣ್ಣೀರು ಬಿಟ್ಟರೆ ಗಾಜು ಸೀಳಬಹುದು, ಕೊಳವೆಯಲ್ಲಿ ಹಬೆ ಎದ್ದು ಮೈಮೇಲೆ ಬರಬಹುದು. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಸೇಫ್ಟಿ ವಾಲ್ವ್, ಹಿಗ್ಗಿದ ನೀರಿಗೆ ಜಾಗ ಕೊಡುವ ಸಣ್ಣ ಟ್ಯಾಂಕು, ಪಂಪಿಗೆ ತನ್ನದೇ ಒಂದು ಪುಟ್ಟ ಸೋಲಾರ್ ಪ್ಯಾನೆಲ್ ಮೊದಲೇ ಸೇರಿಸಿ. ಬಿಸಿಲು ಇದ್ದಾಗಲೇ ಪಂಪು ಬೇಕು, ಬಿಸಿಲು ಇದ್ದಾಗಲೇ ಆ ಪ್ಯಾನೆಲ್ ಓಡಿಸುತ್ತದೆ, ಗ್ರಿಡ್‌ನ ಹಂಗಿಲ್ಲ. ಹಬ್ಬಕ್ಕೆ ನಾಲ್ಕು ದಿನ ಬಾಗಿಲು ಹಾಕುವವರಿಗೆ ಇನ್ನೂ ಒಂದು ವಸ್ತು ಬೇಕು: ಕನ್ನಡಿ ಪೂರ್ತಿ ಮುಚ್ಚುವಷ್ಟು ದೊಡ್ಡ ದಪ್ಪ ಟಾರ್ಪಾಲು, ಕಟ್ಟಲು ಕೊಕ್ಕೆಗಳ ಸಮೇತ.